ಆನೆ ಅಂತ್ಯದಾಟ: ಡ್ರಾ ಇದ್ದದ್ದನ್ನು ಸೋತೆ, ಎಲ್ಲಿ ತಪ್ಪಿದೆ?

ಗುಬ್ಬಿ ಕರಿಕಾಯಿ:
ಹೋದ ಭಾನುವಾರ ತುಮಕೂರಿನ ಚೆಸ್ ಟೂರ್ನಿಯಲ್ಲಿ ಕೊನೆಯ ಸುತ್ತು. ಎದುರಾಳಿಗೂ ನನಗೂ ರೇಟಿಂಗ್‌ನಲ್ಲಿ ಹನ್ನೆರಡೇ ಅಂಕದ ವ್ಯತ್ಯಾಸ. ನಾಲ್ಕು ಗಂಟೆ ಇಬ್ಬರೂ ಜಗ್ಗಲಿಲ್ಲ. ಕೊನೆಗೆ ಅವರಿಗೆ ರಾಜ, ಆನೆ, ಇ5ರಲ್ಲಿ ಒಂದು ಕಾಲಾಳು (ಅಕ್ಷರ ಲಂಬ ಸಾಲು, ಅಂಕಿ ಅಡ್ಡ ಸಾಲು). ನನಗೆ ರಾಜ ಇ8, ಆನೆ ಬಿ6. ಗಡಿಯಾರದಲ್ಲಿ ಒಂದು ನಿಮಿಷವೂ ಇಲ್ಲ, ನಡೆಗೆ ಸೇರುವ 30 ಸೆಕೆಂಡೇ ಗತಿ. ಸುಮ್ನೆ ಕಾಯಲು ಭಯವಾಯಿತು. ಆನೆಯನ್ನು ಬಿ1ಕ್ಕೆ ಇಳಿಸಿದೆ, ಆಮೇಲೆ ಡಿ1ರಿಂದ ಶಹ (ಚೆಕ್) ಕೊಟ್ಟೆ. ಅವರ ರಾಜ ಇ6ಕ್ಕೆ ಹತ್ತಿತು. ಅವರ ಆನೆ ಎ7ರಲ್ಲಿ, ಎ8ರಲ್ಲಿ ಮಾತ್‌ ಬೆದರಿಕೆ. ನನ್ನ ರಾಜ ಡಿ8ಕ್ಕೆ ಓಡಿತು. ಅಲ್ಲಿಂದ ಸೋಲೇ. ಡ್ರಾ ಇತ್ತು ಅಲ್ವಾ?

ಮಾಲೂರು ಮೇಷ್ಟ್ರು:
ಇತ್ತು, ಎರಡು ಸಲ ಇತ್ತು. ಬಿ6ರಲ್ಲಿ ನಿಮ್ಮ ಆನೆ ಬೇಲಿಯಂತೆ ನಿಂತಿತ್ತು. ಆರನೇ ಸಾಲಿಗೆ ಅವರ ರಾಜ ಬರುವಂತಿರಲಿಲ್ಲ. ಇದೇ ಫಿಲಿಡೋರ್ ರಕ್ಷಣೆ, 18ನೇ ಶತಮಾನದ ಫ್ರೆಂಚ್ ಆಟಗಾರನ ಹೆಸರು. ಅದೇ ಸಾಲಿನಲ್ಲಿ ಓಡಾಡಿಕೊಂಡಿರಿ. ಕಾಲಾಳು ಇ6ಕ್ಕೆ ಕಾಲಿಟ್ಟ ಮೇಲೆ ಮಾತ್ರ ಆನೆ ಒಂದನೇ ಸಾಲಿಗೆ ಇಳಿಯಬೇಕು. ಆಗ ಅವರ ರಾಜನಿಗೆ ಅವಿತುಕೊಳ್ಳಲು ಇ6 ಮನೆ ಇರಲ್ಲ, ಹಿಂದಿನಿಂದ ಶಹದ ಮೇಲೆ ಶಹ. ನೀವು ಶಹಕ್ಕೆ ಆತುರಪಟ್ಟಿರಿ.

ಎರಡನೆಯದು, ರಾಜ ಎಫ್8ಕ್ಕೆ ಹೋಗಬೇಕಿತ್ತು. ಇ ಕಾಲಾಳಿನ ಎಫ್ ಕಡೆ ಮೂರೇ ಲಂಬ ಸಾಲು, ಡಿ ಕಡೆ ನಾಲ್ಕು. ರಾಜ ಗಿಡ್ಡ ಕಡೆಗೆ, ಉದ್ದದ ಕಡೆ ಆನೆಗೆ. ದೂರದಿಂದ ಶಹ ಕೊಡಲು ಅದಕ್ಕೆ ಜಾಗ ಬೇಕು.

ಚಿಂತಾಮಣಿ ಕುದುರೆ:
ಮನಸ್ಸಿಗೆ ಜಾಸ್ತಿ ಹಚ್ಚಿಕೊಳ್ಳಬೇಡಿ ಸಾರ್. 2024ರ ಡಿಸೆಂಬರ್ 12, ಸಿಂಗಪುರ, ವಿಶ್ವ ಚಾಂಪಿಯನ್ ಪಂದ್ಯ. ಗುಕೇಶ್, ಡಿಂಗ್ ಲಿರೆನ್ 6.5-6.5 ಸಮ, ಕೊನೆಯ ಆಟ. ಡ್ರಾ ಇದ್ದದ್ದನ್ನು 55ನೇ ನಡೆಯಲ್ಲಿ ಡಿಂಗ್ ತಪ್ಪಿ ಆನೆಯನ್ನು ಎಫ್2ಕ್ಕೆ ಇಟ್ಟರು. ಆನೆಗೆ ಆನೆ ಹೋಯಿತು, ಒಂಟೆಗೆ ಒಂಟೆ ಹೋಯಿತು. 58ನೇ ನಡೆಗೆ ಆಟ ಮುಗಿದು ಗುಕೇಶ್ 18ಕ್ಕೇ ವಿಶ್ವ ಚಾಂಪಿಯನ್. ಅದನ್ನು ನೋಡುತ್ತಾ ನಾನು ಊಟದ ತಟ್ಟೆ ಮುಂದೆ ಹಾಗೇ ಕೂತಿದ್ದೆ.

ಗುಬ್ಬಿ ಕರಿಕಾಯಿ:
ಮೇಷ್ಟ್ರೇ, ನಿನ್ನೆ ರಾತ್ರಿ ಮಗಳನ್ನು ಬಿಳಿ ಕಡೆ ಕೂರಿಸಿದೆ. ಮನೆಯ ಸೆಟ್‌ನಲ್ಲಿ ಕರಿ ಆನೆ ಕಳೆದಿದೆ, ಒಂದು ಗೋಟಡಿಕೆ ಇಟ್ಟೆವು. ಹತ್ತು ಸಲ ಆಡಿದಳು, ಅಡಿಕೆ ಆರನೇ ಸಾಲು ಬಿಡಲಿಲ್ಲ, ಹತ್ತೂ ಡ್ರಾ. ಕಾಲಾಳು ಇ5ರ ಬದಲು ಜಿ5ರಲ್ಲಿದ್ದರೂ ಹೀಗೇನಾ?

ಮಾಲೂರು ಮೇಷ್ಟ್ರು:
ಹೀಗೇ ಮಾಡಿ. ರಾಜ ಕಾಲಾಳಿನ ಎದುರೇ ಇದ್ದರೆ, ಜಿ ಕಾಲಾಳಿಗೆ ಆನೆ ಎಂಟನೇ ಸಾಲಿನಲ್ಲೇ ಕೂತರೂ ಡ್ರಾ. ಆದರೆ ಇ ಕಾಲಾಳಿಗೆ ಹಾಗೆ ಕೂರಬೇಡಿ.