ಜನಗಣತಿಯಲ್ಲಿ ಬರೆಸಿದ ಜಾತಿ, ಧರ್ಮ ಎಲ್ಲಿಗೆ ಹೋಗುತ್ತದೆ? ಸರ್ಕಾರ ಅದನ್ನು ಕೇಳಲೇಬೇಕೇ?

ಪಡುವಣಗಾಳಿ:
ಮುಂದಿನ ಜನಗಣತಿಯಲ್ಲಿ ಎಲ್ಲರ ಜಾತಿಯನ್ನೂ ಕೇಳಲು ಕೇಂದ್ರ ಸಂಪುಟ ಸಮಿತಿ 2025ರ ಏಪ್ರಿಲ್ 30ರಂದು ಒಪ್ಪಿತು. ಅದೇ ವರ್ಷ ಸೆಪ್ಟೆಂಬರ್ 22ರಿಂದ ನಮ್ಮ ರಾಜ್ಯದ ಹಿಂದುಳಿದ ವರ್ಗಗಳ ಆಯೋಗವೂ ಮನೆಮನೆ ಸಮೀಕ್ಷೆ ಶುರು ಮಾಡಿತು. ಎರಡಕ್ಕೂ ಬಾಗಿಲಿಗೆ ಬರುವವರು ಹೆಚ್ಚಾಗಿ ಶಾಲೆಯ ಮೇಷ್ಟ್ರುಗಳೇ ಆದ್ದರಿಂದ ಜನ ಎರಡನ್ನೂ ಒಂದೇ ಎಂದುಕೊಂಡಿದ್ದಾರೆ. ನನ್ನವು ಎರಡು ಪ್ರಶ್ನೆ. ಜಾತಿ, ಧರ್ಮದ ಲೆಕ್ಕ ಸರ್ಕಾರಕ್ಕೆ ಯಾಕೆ ಬೇಕು, ಸ್ಯಾಂಪಲ್ ಸರ್ವೆ ಸಾಲದೇ? ಹೆಸರಿನ ಜತೆ ಬರೆಸಿದ್ದು ನಾಳೆ ಬೇರೆ ಇಲಾಖೆಯ ಕೈಗೆ ಹೋಗದಂತೆ ತಡೆಯುವುದು ಏನು? ಗೊತ್ತಿರುವವರು ಬಿಡಿಸಿ ಹೇಳಿ. ಪಕ್ಷಗಳ ಜಗಳ ಬೇಡ.

ಹಳೇಕಡತ:
ಎರಡನೆಯದನ್ನೇ ಮೊದಲು ಹೇಳುತ್ತೇನೆ, ಯಾಕೆಂದರೆ ಕೇಳಬೇಕೋ ಬೇಡವೋ ಎಂಬುದು ನಿಂತಿರುವುದೇ ಅದರ ಮೇಲೆ.

ಜನಗಣತಿ ನಡೆಯುವುದು 1948ರ ಜನಗಣತಿ ಕಾಯ್ದೆಯಡಿ. ಅದರ 8ನೇ ಕಲಂ ಪ್ರಕಾರ, ತಿಳಿದಷ್ಟು ಉತ್ತರ ಕೊಡುವುದು ಕಡ್ಡಾಯ. ಗಂಡನ ಹೆಸರು ಹೇಳುವಂತೆ ಹೆಂಗಸನ್ನು ಒತ್ತಾಯಿಸುವಂತಿಲ್ಲ ಎಂಬ ವಿನಾಯಿತಿ ಇವತ್ತಿಗೂ ಅದೇ ಕಲಮಿನಲ್ಲಿದೆ. 15ನೇ ಕಲಂ ಮುಖ್ಯವಾದದ್ದು. ಗಣತಿದಾರರು ತುಂಬಿದ ನಮೂನೆಯನ್ನು ಹೊರಗಿನವರು ನೋಡುವ ಹಕ್ಕಿಲ್ಲ, ಆ ಕಾಯ್ದೆಯಡಿಯ ಅಪರಾಧದ ವಿಚಾರಣೆ ಬಿಟ್ಟರೆ ಅದು ಕೋರ್ಟಿನಲ್ಲಿ ಸಾಕ್ಷ್ಯವೂ ಆಗದು. ಹಾಗಾಗಿ ಗಣತಿಯಲ್ಲಿ ಬರೆಸಿದ್ದನ್ನು ತೋರಿಸಿ ಜಾತಿ ಪ್ರಮಾಣಪತ್ರ ಕೇಳಲೂ ಆಗುವುದಿಲ್ಲ, ಅದನ್ನೇ ಹಿಡಿದು ಪ್ರಮಾಣಪತ್ರ ರದ್ದು ಮಾಡಲೂ ಆಗುವುದಿಲ್ಲ. ಪ್ರಮಾಣಪತ್ರದ ದಾರಿಯೇ ಬೇರೆ, ಅದು ತಹಶೀಲ್ದಾರರ ಕಚೇರಿಯದು.

ರಾಜ್ಯದ ಸಮೀಕ್ಷೆಗೆ ಈ 15ನೇ ಕಲಮಿನ ರಕ್ಷಣೆ ಇಲ್ಲ. ಜನಗಣತಿ ಕೇಂದ್ರಪಟ್ಟಿಯ ವಿಷಯ. ರಾಜ್ಯದ ಆಯೋಗ ಕೆಲಸ ಮಾಡುವುದು 1995ರ ಹಿಂದುಳಿದ ವರ್ಗಗಳ ಆಯೋಗದ ಕಾಯ್ದೆಯಡಿ. ಅದಕ್ಕೇ 2025ರ ಸೆಪ್ಟೆಂಬರ್ 25ರಂದು ಹೈಕೋರ್ಟ್ ಮಧ್ಯಂತರ ಆದೇಶ ಕೊಡಬೇಕಾಯಿತು: ಉತ್ತರ ಕೊಡುವುದು ಐಚ್ಛಿಕ, ಅದನ್ನು ಜನರಿಗೆ ಮೊದಲೇ ತಿಳಿಸಬೇಕು, ಮಾಹಿತಿ ಆಯೋಗದ ಹೊರಗೆ ಹೋಗಕೂಡದು.

ಮೂರನೆಯದು ರಾಷ್ಟ್ರೀಯ ಜನಸಂಖ್ಯಾ ನೋಂದಣಿ. ಅದು ಪೌರತ್ವ ಕಾಯ್ದೆ ಮತ್ತು 2003ರ ನಿಯಮಗಳ ಅಡಿಯದು, ಹೆಸರು ಹಿಡಿದೇ ಇಡುವ ದಾಖಲೆ. 2010ರಲ್ಲಿ ಮನೆಪಟ್ಟಿ ಮಾಡುವಾಗಲೇ ಅದಕ್ಕೂ ಮಾಹಿತಿ ತೆಗೆದುಕೊಂಡರು. ಅದರಲ್ಲಿ ಧರ್ಮ, ಜಾತಿಯ ಕಾಲಂ ಇರಲಿಲ್ಲ. ಮುಂದೆಯೂ ಇರಬಾರದು. ನನ್ನ ನಿಲುವು ಇಷ್ಟು: ಎಣಿಸುವುದು ಬೇರೆ, ಹೆಸರು ಹಚ್ಚಿ ಇಡುವುದು ಬೇರೆ. ಮೊದಲನೆಯದು ಬೇಕು, ಎರಡನೆಯದು ಬೇಡ.

ಕೋಷ್ಟಕ:
ಸ್ಯಾಂಪಲ್ ಸಾಲದೇ ಎಂಬುದಕ್ಕೆ ಲೆಕ್ಕ ಹಾಕಿ ನೋಡೋಣ. 2011ರಲ್ಲಿ ಕರ್ನಾಟಕದ ಜನಸಂಖ್ಯೆ 6.11 ಕೋಟಿ. ಒಂದು ಅಲೆಮಾರಿ ಸಮುದಾಯದಲ್ಲಿ 5,000 ಜನ ಇದ್ದಾರೆ ಎಂದುಕೊಳ್ಳಿ. ರಾಜ್ಯದಲ್ಲಿ 10,000 ಮನೆಗಳ ಸ್ಯಾಂಪಲ್ ತೆಗೆದರೆ ಸರಾಸರಿ ಲೆಕ್ಕದಲ್ಲಿ ಅವರದು ಒಂದು ಮನೆಯೂ ಪೂರ್ತಿ ಸಿಗುವುದಿಲ್ಲ. ದೊಡ್ಡ ಗುಂಪುಗಳಿಗೆ ಸ್ಯಾಂಪಲ್ ಸರಿ. ಯಾರ ಲೆಕ್ಕ ನಿಜವಾಗಿ ಬೇಕೋ ಅವರೇ ಅದರಲ್ಲಿ ಬೀಳುವುದಿಲ್ಲ.

ಕಾನೂನಿನ ಒತ್ತಾಯವೂ ಇದೆ. ಸ್ಥಳೀಯ ಸಂಸ್ಥೆಗಳಲ್ಲಿ ಹಿಂದುಳಿದ ವರ್ಗದ ಮೀಸಲಾತಿಗೆ ಈಗಿನ ಅಂಕಿಅಂಶ ಬೇಕೇ ಬೇಕು ಎಂದು ಸುಪ್ರೀಂ ಕೋರ್ಟ್ 2021ರಲ್ಲಿ ಗಟ್ಟಿಯಾಗಿ ಹೇಳಿತು. ಆದರೆ ಎಲ್ಲ ಜಾತಿಗಳ ಲೆಕ್ಕ ಕೊನೆಗೆ ಪ್ರಕಟವಾದದ್ದು 1931ರದು. 1941ರಲ್ಲಿ ಯುದ್ಧದಿಂದಾಗಿ ಕೋಷ್ಟಕ ಬರಲಿಲ್ಲ, 1951ರಿಂದ ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ ಮತ್ತು ಧರ್ಮ ಮಾತ್ರ. 1980ರಲ್ಲಿ ಮಂಡಲ್ ಆಯೋಗ ಕೂಡ 1931ರ ಅಂಕಿಯನ್ನೇ ಎಳೆದು ತಂದು ಹಿಂದುಳಿದ ವರ್ಗದವರು 52% ಎಂದು ಅಂದಾಜಿಸಿತು.

ಆದರೆ ಕೇಳಿದರೆ ಸಾಲದು, ಕೇಳುವ ರೀತಿ ಸರಿ ಇರಬೇಕು. 2011ರ ಸಾಮಾಜಿಕ, ಆರ್ಥಿಕ ಮತ್ತು ಜಾತಿ ಗಣತಿಯಲ್ಲಿ ಜಾತಿಗಳ ಕೋಡ್ ಪಟ್ಟಿ ಕೊಡದೆ, ಹೇಳಿದ್ದನ್ನು ಹಾಗೇ ಬರೆದುಕೊಂಡರು. ಬಂದದ್ದು 46 ಲಕ್ಷ ಹೆಸರು. 1931ರಲ್ಲಿ ಇದ್ದವು 4,147. ಮಹಾರಾಷ್ಟ್ರದ ಅಧಿಕೃತ ಪಟ್ಟಿಯಲ್ಲಿ 494 ಇದ್ದರೆ ಗಣತಿಯಲ್ಲಿ 4.28 ಲಕ್ಷ ಎಂದು ಕೇಂದ್ರವೇ ಸುಪ್ರೀಂ ಕೋರ್ಟಿಗೆ ತಿಳಿಸಿತು. ಕಾಗುಣಿತದ ವ್ಯತ್ಯಾಸ, ಗೋತ್ರ, ಅಡ್ಡಹೆಸರು, ಕಸುಬು, ಎಲ್ಲವೂ ಬೇರೆ ಬೇರೆ ಜಾತಿಯಾಗಿ ಕೂತವು. ಜಾತಿಯ ಆ ಅಂಕಿ ಹೊರಗೇ ಬರಲಿಲ್ಲ. 2023ರಲ್ಲಿ ಬಿಹಾರ ಮೊದಲೇ ಕೋಡ್ ಪಟ್ಟಿ ಮಾಡಿಕೊಂಡಿತ್ತು, ಅದಕ್ಕೇ ಅಲ್ಲಿಯ ಲೆಕ್ಕ ಪ್ರಕಟಣೆಯ ತನಕ ಬಂತು.

ನಮ್ಮಲ್ಲಿ ಎಲ್ಲಿ ಎಡವುತ್ತದೆ ಗೊತ್ತೇ? 'ಗೌಡ' ಎಂದರೆ ಒಕ್ಕಲಿಗರೂ ಇರಬಹುದು, ಕುರುಬರೂ ಇರಬಹುದು, ಉತ್ತರ ಕರ್ನಾಟಕದಲ್ಲಿ ಲಿಂಗಾಯತರೂ ಇರಬಹುದು. ಅದು ಬಿರುದು, ಜಾತಿಯಲ್ಲ. ಅದಕ್ಕಿಂತ ಕಷ್ಟದ್ದು 'ಆದಿ ಕರ್ನಾಟಕ', 'ಆದಿ ದ್ರಾವಿಡ'. ಪರಿಶಿಷ್ಟ ಜಾತಿಗಳೊಳಗಿನ ಎಡಗೈ, ಬಲಗೈ ಎಂಬ ಎರಡೂ ಗುಂಪಿನವರು ಈ ಹೆಸರುಗಳನ್ನೇ ಬರೆಸುತ್ತಾ ಬಂದಿದ್ದಾರೆ. ಒಳಮೀಸಲಾತಿ, ಅಂದರೆ ಪರಿಶಿಷ್ಟ ಜಾತಿಗಳ ಮೀಸಲಾತಿಯನ್ನು ಅವರೊಳಗಿನ ಗುಂಪುಗಳಿಗೆ ಹಂಚಲು ಹೊರಟಾಗ ಯಾರು ಎಷ್ಟು ಎಂಬುದು ಹಳೆಯ ಅಂಕಿಯಿಂದ ತಿಳಿಯಲೇ ಇಲ್ಲ. 2025ರಲ್ಲಿ ನ್ಯಾಯಮೂರ್ತಿ ನಾಗಮೋಹನ್ ದಾಸ್ ಆಯೋಗ 101 ಪರಿಶಿಷ್ಟ ಜಾತಿಗಳಿಗಾಗಿಯೇ ಮತ್ತೆ ಮನೆಮನೆಗೆ ಹೋಗಬೇಕಾಯಿತು. ಒಂದು ಕಾಲಮಿನಲ್ಲಿ ಮೂಲ ಜಾತಿಯ ಹೆಸರು ಇಲ್ಲದೆ ಹೋದದ್ದಕ್ಕೆ ದಶಕಗಳ ಕಾಲ ಬೆಲೆ ತೆತ್ತವರು ಅತಿ ಬಡವರು.

ತುಂಗಾತೀರ:
ನೀವಿಬ್ಬರೂ ಹೇಳಿದ್ದು ಇವತ್ತಿನ ಕಾನೂನು. ಕಾನೂನು ಬದಲಾದರೆ? ನೆದರ್ಲೆಂಡ್ಸಿನ ಊರೂರಿನ ಜನಸಂಖ್ಯಾ ರಿಜಿಸ್ಟರಿನಲ್ಲಿ ಧರ್ಮದ ನಮೂದು ಇತ್ತು, ಇಟ್ಟವರಲ್ಲಿ ಕೆಟ್ಟ ಉದ್ದೇಶವೇನೂ ಇರಲಿಲ್ಲ. 1940ರಲ್ಲಿ ನಾಜಿಗಳು ದೇಶ ಹಿಡಿದರು, ಸಿದ್ಧವಾಗಿದ್ದ ಆ ದಾಖಲೆ ಅವರ ಕೈಗೆ ಹೋಯಿತು. ಸುಮಾರು 1.4 ಲಕ್ಷ ಯಹೂದಿಗಳಲ್ಲಿ 1 ಲಕ್ಷಕ್ಕೂ ಹೆಚ್ಚು ಜನ ಸತ್ತರು. 1943ರ ಮಾರ್ಚ್ 27ರಂದು ಪ್ರತಿರೋಧದವರು ಆಮ್‌ಸ್ಟರ್‌ಡ್ಯಾಮಿನ ರಿಜಿಸ್ಟರ್ ಕಚೇರಿಗೆ ಬೆಂಕಿ ಇಟ್ಟರು, ಆದರೂ ಬಹುಪಾಲು ಕಾರ್ಡುಗಳು ಉಳಿದವು. ರುವಾಂಡಾದಲ್ಲಿ ಬೆಲ್ಜಿಯಂ ಆಡಳಿತ 1930ರ ದಶಕದಲ್ಲಿ ಗುರುತಿನ ಚೀಟಿಯ ಮೇಲೆ ಹುಟು, ಟುಟ್ಸಿ ಎಂದು ಬರೆಸಿತು. 1994ರಲ್ಲಿ ರಸ್ತೆತಡೆಗಳಲ್ಲಿ ಆ ಚೀಟಿ ನೋಡಿಯೇ ಕೊಂದರು. ಅಮೆರಿಕದಲ್ಲೂ 1942ರ ಯುದ್ಧಾಧಿಕಾರ ಕಾಯ್ದೆ ಗಣತಿಯ ಗೌಪ್ಯತೆಯನ್ನು ಸಡಿಲಿಸಿತು; ಜಪಾನೀ ಮೂಲದವರನ್ನು ಶಿಬಿರಗಳಿಗೆ ಒಯ್ಯಲು, ಅವರು ಯಾವ ಬೀದಿಗಳಲ್ಲಿ ಎಷ್ಟಿದ್ದಾರೆ ಎಂಬ ಗಣತಿಯ ಕೋಷ್ಟಕಗಳು ಸೇನೆಗೆ ಹೋದವು. ಫ್ರಾನ್ಸ್ ಗಣತಿಯಲ್ಲಿ 1872ರ ನಂತರ ಧರ್ಮ ಕೇಳಿಲ್ಲ.

ಕೋಷ್ಟಕ:
ಈ ಭಯ ನಿಜವಾದದ್ದು, ತಳ್ಳಿಹಾಕುವುದಿಲ್ಲ. ನೀವು ಕೊಟ್ಟ ಮೊದಲ ಎರಡು ಉದಾಹರಣೆಗಳಲ್ಲಿ ಕೊಂದದ್ದು ಹೆಸರು, ವಿಳಾಸ, ಗುರುತು ಮೂರೂ ಒಂದೇ ಕಾರ್ಡಿನಲ್ಲಿ ಇದ್ದದ್ದು. ಅಮೆರಿಕದ್ದು ಬೇರೆ ಪಾಠ: ಬರೀ ಕೋಷ್ಟಕವೂ ಮನೆ ತೋರಿಸಬಹುದು. ಒಂದು ಹಳ್ಳಿಯಲ್ಲಿ ಒಂದು ಜಾತಿಯ ಎರಡೇ ಮನೆ ಇದ್ದರೆ, ಹಳ್ಳಿವಾರು ಪಟ್ಟಿ ಹೊರಬಿದ್ದ ದಿನವೇ ಅವರ ಓದು, ಆದಾಯ, ಜಮೀನು ಎಲ್ಲರಿಗೂ ಗೊತ್ತಾಗುತ್ತದೆ. ಆದ್ದರಿಂದ ಜಾತಿಯ ಪಟ್ಟಿಯನ್ನು ತಾಲ್ಲೂಕಿನಿಂದ ಕೆಳಗೆ ಕೊಡಬಾರದು, ಸಣ್ಣ ಅಂಕಿಗಳನ್ನು ಮುಚ್ಚಬೇಕು, ಎಣಿಕೆ ಮುಗಿದ ಮೇಲೆ ಹೆಸರು, ಮೊಬೈಲ್ ನಂಬರನ್ನು ಉತ್ತರದಿಂದ ಬೇರ್ಪಡಿಸಿ ಅಳಿಸಬೇಕು. ಈಗ ಗಣತಿ ಮೊಬೈಲ್ ಆ್ಯಪಿನಲ್ಲಿ ನಡೆಯುವುದರಿಂದ ಇದು ಮೊದಲಿಗಿಂತ ತುರ್ತಿನದು. ಕಾಗದದ ಕಂತೆಯಲ್ಲಿ ಒಬ್ಬರನ್ನು ಹುಡುಕುವುದು ಕಷ್ಟವಿತ್ತು, ಡೇಟಾಬೇಸಿನಲ್ಲಿ ಕ್ಷಣದ ಕೆಲಸ.

ಪಡುವಣಗಾಳಿ:
ಇಬ್ಬರಿಗೂ ಧನ್ಯವಾದ. ಬಾಗಿಲಲ್ಲಿ ಗಣತಿದಾರರು ನಿಂತಾಗ ಏನು ನೋಡಿಕೊಳ್ಳಬೇಕು, ಅದನ್ನೂ ಹೇಳಿ ಸರ್. ಧರ್ಮ ಬೇಡ ಎನ್ನುವವರು ಏನು ಬರೆಸಬೇಕು?

ಹಳೇಕಡತ:
ಮೊದಲು, ಬಂದಿರುವುದು ಜನಗಣತಿಯೋ ರಾಜ್ಯದ ಸಮೀಕ್ಷೆಯೋ ಎಂದು ಕೇಳಿ, ಗುರುತಿನ ಚೀಟಿ ನೋಡಿ. ನಿಮ್ಮ ಹಕ್ಕು ಎರಡರಲ್ಲಿ ಬೇರೆ ಬೇರೆ.

ಧರ್ಮವನ್ನು ಒಬ್ಬೊಬ್ಬರಿಗೂ ಪ್ರತ್ಯೇಕವಾಗಿ ಬರೆಯಬೇಕು, ಯಜಮಾನರದ್ದನ್ನೇ ಎಲ್ಲರಿಗೂ ಎಳೆಯುವಂತಿಲ್ಲ. ಹೆಸರು ನೋಡಿ ಊಹಿಸುವಂತಿಲ್ಲ, ವಾದ ಮಾಡುವಂತಿಲ್ಲ, ಹೇಳಿದ್ದನ್ನು ಬರೆಯಬೇಕು. 2011ರ ನಮೂನೆಯಲ್ಲಿ ಆರು ಧರ್ಮಗಳಿಗೆ ಕೋಡ್ ಇತ್ತು, ಉಳಿದದ್ದನ್ನು ಪೂರ್ತಿ ಅಕ್ಷರದಲ್ಲಿ ಬರೆಯಬೇಕಿತ್ತು. ಹಾಗೆ ಬುಡಕಟ್ಟು ಜನರ ಧರ್ಮವಾದ 'ಸರ್ನಾ' ಎಂದು ಬರೆಸಿದವರು 49 ಲಕ್ಷಕ್ಕೂ ಹೆಚ್ಚು. ಧರ್ಮವಿಲ್ಲ ಎಂದರೆ ಧರ್ಮವಿಲ್ಲ ಎಂದೇ ಬರೆಸಿ. ಖಾಲಿ ಬಿಡಿಸಬೇಡಿ, ಖಾಲಿ ಜಾಗ ಬೇರೆಯವರ ಕೈಯಲ್ಲಿ ತುಂಬಿಕೊಳ್ಳುವ ಸಂಭವ ಇರುತ್ತದೆ.

ಪರಿಶಿಷ್ಟ ಜಾತಿಯವರು ಒಂದು ವಿಷಯ ಗಮನಿಸಿ. ಯಾರು ಪರಿಶಿಷ್ಟ ಜಾತಿ ಎಂದು ಹೇಳುವ 1950ರ ಆದೇಶ ಮೊದಲು ಹಿಂದೂಗಳಿಗೆ ಸೀಮಿತವಾಗಿತ್ತು, 1956ರಲ್ಲಿ ಸಿಖ್ಖರು, 1990ರಲ್ಲಿ ಬೌದ್ಧರು ಸೇರಿದರು. ಈ ಮೂರು ಬಿಟ್ಟು ಬೇರೆ ಧರ್ಮ ಬರೆಸಿದರೆ ಗಣತಿಯ ನಿಯಮದಂತೆ ಪರಿಶಿಷ್ಟ ಜಾತಿ ಎಂದು ದಾಖಲಾಗುವುದಿಲ್ಲ. ದಲಿತ ಕ್ರೈಸ್ತರು ಈ ಅಂಕಿಯಿಂದ ಜಾರಿಹೋಗುವುದು ಇಲ್ಲೇ, ಇದು ಅನ್ಯಾಯ ಎಂದೇ ನನ್ನ ಅಭಿಪ್ರಾಯ. ಪರಿಶಿಷ್ಟ ಪಂಗಡಕ್ಕೆ ಇಂಥ ಧರ್ಮದ ಕಟ್ಟಿಲ್ಲ.

ಜಾತಿ ಹೇಳುವಾಗ ಬಿರುದು, ಮನೆತನದ ಹೆಸರು ಬೇಡ. ಪ್ರಮಾಣಪತ್ರದಲ್ಲಿ ಇರುವ ಕಾಗುಣಿತದಲ್ಲೇ ಹೇಳಿ, ಆದಿ ಕರ್ನಾಟಕ ಎನ್ನುವವರು ಮೂಲ ಜಾತಿಯನ್ನೂ ಸೇರಿಸಿ ಹೇಳಿ. ಆ್ಯಪಿನಲ್ಲಿ ಆರಿಸಿದ್ದನ್ನು ಒಮ್ಮೆ ಓದಿ ಹೇಳಲು ಕೇಳಿ. ಪಟ್ಟಿಯಲ್ಲಿ ಪಕ್ಕಪಕ್ಕದ ಹೆಸರುಗಳು ಒಂದಕ್ಷರ ಮಾತ್ರ ಬೇರೆ ಇರುತ್ತವೆ, ಬೆರಳು ತಪ್ಪುವುದು ಅಲ್ಲೇ.