ಪ್ರೇಮಿಗಳ ದಿನದ ಹಿಂದೆ ನಿಜಕ್ಕೂ ಇಷ್ಟು ರಕ್ತಪಾತ ಇದೆಯಾ?

ದುರ್ಗಿಗುಡಿ_ಓದುಗಿ

ಎಲ್ಲರಿಗೂ ನಮಸ್ಕಾರ. ಶಿವಮೊಗ್ಗದ ಒಂದು ಪಿಯು ಕಾಲೇಜಿನಲ್ಲಿ ಲೈಬ್ರರಿ ನೋಡಿಕೊಳ್ಳುತ್ತೇನೆ. ಬಾಗಿಲ ಪಕ್ಕದ ಬೋರ್ಡಿಗೆ ತಿಂಗಳಿಗೊಂದು ವಿಷಯ ಹಾಕುವ ಪದ್ಧತಿ ನಮ್ಮಲ್ಲಿದೆ. ಫೆಬ್ರವರಿಗೆ ಏನು ಹಾಕೋಣ ಅಂದಾಗ ಸೆಕೆಂಡ್ ಪಿಯು ಹುಡುಗಿಯರು "ವ್ಯಾಲಂಟೈನ್ಸ್ ಡೇ ರಕ್ತಚರಿತ್ರೆ ಹಾಕೋಣ ಮಿಸ್" ಅಂದರು. ಅವರ ಕೈಯಲ್ಲಿ ಒಂದು ವಾಟ್ಸಾಪ್ ಫಾರ್ವರ್ಡ್ ಇತ್ತು. ರೋಮ್‌ನಲ್ಲಿ ಹೆಂಗಸರನ್ನು ಚರ್ಮದ ಪಟ್ಟಿಯಲ್ಲಿ ಹೊಡೆಯುವ ಹಬ್ಬವೇ ಮುಂದೆ ಪ್ರೇಮಿಗಳ ದಿನ ಆಯಿತಂತೆ. ಮೊದಲ ವ್ಯಾಲಂಟೈನ್ ಪತ್ರವನ್ನು 1415ರಲ್ಲಿ ಫ್ರಾನ್ಸಿನ ಒಬ್ಬ ಡ್ಯೂಕ್ ಲಂಡನ್ ಟವರ್ ಜೈಲಿನಿಂದ ಹೆಂಡತಿಗೆ ಬರೆದನಂತೆ. ಎಷ್ಟು ನಿಜ, ಎಷ್ಟು ಕಟ್ಟುಕತೆ? ಮಕ್ಕಳ ಕಣ್ಣಿಗೆ ಬೀಳುವ ಬೋರ್ಡು, ತಪ್ಪು ಬರೆಯುವುದಕ್ಕೆ ಮನಸ್ಸಿಲ್ಲ.

ಸಾಗರದ_ಮೇಷ್ಟ್ರು

ಒಳ್ಳೆ ಪ್ರಶ್ನೆ ತಂಗಿ. ಹೈಸ್ಕೂಲಿನಲ್ಲಿ ಇತಿಹಾಸ ಪಾಠ ಮಾಡಿ ನಿವೃತ್ತನಾದವನು ನಾನು. ಆ ಡ್ಯೂಕ್ ನನಗೆ ಬಹಳ ಹತ್ತಿರದವನು. ಸ್ವಲ್ಪ ಉದ್ದ ಬರೆಯುತ್ತೇನೆ, ಓದಿ.

ಮೊದಲು ರೋಮ್ ಕತೆ ಬದಿಗಿಡಿ. ಲೂಪರ್‌ಕೇಲಿಯಾ ಅನ್ನುವ ಹಬ್ಬ ಇದ್ದದ್ದು ನಿಜ, ಫೆಬ್ರವರಿ 15ಕ್ಕೆ. ಮೇಕೆ ಕಡಿದು, ಅದರ ಚರ್ಮದ ಪಟ್ಟಿ ಹಿಡಿದು ಓಡುತ್ತಾ ಎದುರು ಬಂದವರಿಗೆ ಹೊಡೆಯುತ್ತಿದ್ದರು. ಮಕ್ಕಳಾಗಲಿ ಅಂತ ಹೆಂಗಸರು ತಾವೇ ಮುಂದೆ ಬಂದು ಏಟು ತಿನ್ನುತ್ತಿದ್ದರು. ಆದರೆ ಅದೇ ವ್ಯಾಲಂಟೈನ್ ದಿನ ಆಯಿತು ಅನ್ನುವುದಕ್ಕೆ ಆಧಾರ ಇಲ್ಲ. ತಾರೀಕು ಅಕ್ಕಪಕ್ಕ ಇದೆ, ಅಷ್ಟೇ. ಸಂತ ವ್ಯಾಲಂಟೈನ್ ಸೈನಿಕರಿಗೆ ಗುಟ್ಟಾಗಿ ಮದುವೆ ಮಾಡಿಸಿದ ಅನ್ನುವುದೂ ಬಹಳ ಕಾಲದ ನಂತರ ಸೇರಿದ ಕತೆ.

ಆ ದಿನವನ್ನು ಪ್ರೀತಿಯ ಜೊತೆ ಕಟ್ಟಿದ್ದು ಇಂಗ್ಲೆಂಡಿನ ಕವಿ ಚಾಸರ್, 1380ರ ದಶಕದ ಸುಮಾರಿಗೆ. ವ್ಯಾಲಂಟೈನ್ ದಿನ ಹಕ್ಕಿಗಳೆಲ್ಲ ಸಭೆ ಸೇರಿ ಜೋಡಿ ಆರಿಸಿಕೊಳ್ಳುತ್ತವೆ ಅಂತ ಒಂದು ಪದ್ಯ ಬರೆದ. ರಾಜ ಎರಡನೇ ರಿಚರ್ಡ್ ಮತ್ತು ಬೊಹೀಮಿಯಾದ ಆನ್ ಮದುವೆ ನಿಶ್ಚಯದ ನೆನಪಿಗೆ ಬರೆದದ್ದು ಅಂತ ಬಹಳ ಜನ ಹೇಳುತ್ತಾರೆ. ಅಲ್ಲಿಂದ ಮುಂದಿನದ್ದು ನೋಡಿ. ಆನ್ ತೀರಿಕೊಂಡಳು. ರಿಚರ್ಡ್ ಫ್ರಾನ್ಸಿನ ರಾಜನ ಮಗಳು ಇಸಬೆಲ್‌ಳನ್ನು ಮದುವೆಯಾದ, ಅವಳಿನ್ನೂ ಸಣ್ಣ ಹುಡುಗಿ. 1399ರಲ್ಲಿ ಅವನ ಸಿಂಹಾಸನ ಹೋಯಿತು. 1400ರಲ್ಲಿ ಪಾಂಟಿಫ್ರಾಕ್ಟ್ ಕೋಟೆಯ ಸೆರೆಯಲ್ಲಿ ಸತ್ತ. ಉಪವಾಸ ಕೆಡವಿ ಸಾಯಿಸಿದರು ಅಂತ ಮಾತಿದೆ. ಹತ್ತು ವರ್ಷಕ್ಕೇ ವಿಧವೆಯಾದ ಇಸಬೆಲ್‌ಗೆ 1406ರಲ್ಲಿ ಮರುಮದುವೆ ಮಾಡಿದರು. ಆ ಗಂಡನೇ ನಿಮ್ಮ ಫಾರ್ವರ್ಡಿನ ಡ್ಯೂಕ್, ಓರ್ಲಿಯನ್ಸ್‌ನ ಚಾರ್ಲ್ಸ್. ಆಗ ಅವನಿಗೆ ಹನ್ನೊಂದು ವರ್ಷ.

ಅದೇ ಹೊತ್ತಿಗೆ ಫ್ರಾನ್ಸಿನಲ್ಲಿ ಇನ್ನೊಂದು ನಡೆದಿತ್ತು. ಪ್ಲೇಗ್ ಬಂದು ಜನ ಕಂಗೆಟ್ಟಿದ್ದಾಗ, ಮನಸ್ಸು ಹಗುರಾಗಲಿ ಅಂತ ಆರನೇ ಚಾರ್ಲ್ಸ್ ರಾಜನ ಆಸ್ಥಾನದಲ್ಲಿ "ಪ್ರೇಮದ ನ್ಯಾಯಾಲಯ" ಅಂತ ಒಂದು ಕೂಟ ಕಟ್ಟಿದರು. ಪ್ರತಿ ವ್ಯಾಲಂಟೈನ್ ದಿನ ಸೇರಿ ಹೆಂಗಸರನ್ನು ಹೊಗಳಿ ಪದ್ಯ ಓದಬೇಕು ಅಂತ ಕಟ್ಟಲೆ. ಅದನ್ನು ಕೇಳಿ ಮಾಡಿಸಿದವರಲ್ಲಿ ಬರ್ಗಂಡಿಯ ಡ್ಯೂಕ್ ಫಿಲಿಪ್ ಒಬ್ಬ. ಅವನ ಮಗ ಜಾನ್ 1407ರ ನವೆಂಬರ್ 23ರ ರಾತ್ರಿ ಪ್ಯಾರಿಸ್ ಬೀದಿಯಲ್ಲಿ ತನ್ನ ಆಳುಗಳನ್ನು ಬಿಟ್ಟು ನಮ್ಮ ಚಾರ್ಲ್ಸ್‌ನ ಅಪ್ಪನನ್ನು ಕೊಚ್ಚಿ ಹಾಕಿಸಿದ. ಮಾರನೇ ದಿನ ಚಾರ್ಲ್ಸ್‌ನ ಹದಿಮೂರನೇ ಹುಟ್ಟುಹಬ್ಬ. ಮುಂದಿನ ವರ್ಷ ತಾಯಿ ವ್ಯಾಲಂಟೀನಾ ಹೋದಳು. ಅದರ ಮುಂದಿನ ವರ್ಷ ಇಸಬೆಲ್ ಬಾಣಂತಿಯಾಗಿ ತೀರಿಕೊಂಡಳು. ಹದಿನೈದು ತುಂಬುವ ಮೊದಲೇ ಆ ಹುಡುಗನಿಗೆ ಇಷ್ಟೆಲ್ಲ ಆಗಿಹೋಗಿತ್ತು.

1415ರ ಅಕ್ಟೋಬರ್ 25ಕ್ಕೆ ಇಂಗ್ಲಿಷರಿಗೂ ಫ್ರೆಂಚರಿಗೂ ಅಜಿನ್‌ಕೋರ್ಟ್ ಯುದ್ಧ. ಹಿಂದಿನ ರಾತ್ರಿಯಿಡೀ ಮಳೆ. ಹೊಸದಾಗಿ ಉತ್ತ ಹೊಲ. ಮಳೆಗಾಲದಲ್ಲಿ ಗದ್ದೆಗೆ ಇಳಿದವರಿಗೆ ಆ ಕೆಸರು ಕಾಲನ್ನು ಹೇಗೆ ಹಿಡಿಯುತ್ತದೆ ಅಂತ ಹೇಳಬೇಕಾಗಿಲ್ಲ, ಅಂಥದ್ದರಲ್ಲಿ ಫ್ರೆಂಚರು ಮೈತುಂಬ ಕಬ್ಬಿಣದ ಕವಚ ತೊಟ್ಟು ನಡೆದರು. ಮೇಲಿಂದ ಇಂಗ್ಲಿಷರ ಬಾಣದ ಮಳೆ. ಬಿದ್ದವನು ಏಳಲಾಗದೆ, ಅವನ ಮೇಲೆ ಇನ್ನೊಬ್ಬ ಬಿದ್ದು ಉಸಿರು ಕಟ್ಟಿ ಸತ್ತರು. ಸೆರೆ ಸಿಕ್ಕವರಲ್ಲಿ ಬಹಳ ಜನರನ್ನು ಇಂಗ್ಲೆಂಡಿನ ರಾಜ ಐದನೇ ಹೆನ್ರಿಯ ಅಪ್ಪಣೆಯಂತೆ ಅಲ್ಲೇ ಕೊಂದರು. ಚಾರ್ಲ್ಸ್ ಹೆಣಗಳ ರಾಶಿಯ ಅಡಿಯಲ್ಲಿ ಜೀವಂತ ಸಿಕ್ಕಿದ ಅಂತ ಹೇಳುತ್ತಾರೆ. ಅವನನ್ನು ಇಂಗ್ಲೆಂಡಿಗೆ ಒಯ್ದರು. ಇಪ್ಪತ್ತೈದು ವರ್ಷ ಬಿಡಲಿಲ್ಲ. ಕೋಟೆಯಿಂದ ಕೋಟೆಗೆ ಸಾಗಿಸಿದರು, ಪಾಂಟಿಫ್ರಾಕ್ಟ್ ಕೂಡ ಅದರಲ್ಲೊಂದು, ಅವನ ಮೊದಲ ಹೆಂಡತಿಯ ಮೊದಲ ಗಂಡ ಸತ್ತ ಜಾಗ. ಎರಡನೇ ಹೆಂಡತಿ ಬೋನ್ ಅವನು ಬರುವ ಮೊದಲೇ ಫ್ರಾನ್ಸಿನಲ್ಲಿ ತೀರಿಕೊಂಡಳು.

ಸೆರೆಯಲ್ಲಿದ್ದಾಗ ಬರೆದ ಒಂದು ವ್ಯಾಲಂಟೈನ್ ಪದ್ಯ ಇದೆ. ಆ ದಿನ ಬೆಳಿಗ್ಗೆ ಸೂರ್ಯ ಹಚ್ಚಿದ ಮೇಣದಬತ್ತಿ ಹಿಡಿದು, ಮುಚ್ಚಿದ ಕೋಣೆಯೊಳಗೆ ಮೆಲ್ಲಗೆ ಬರುತ್ತಾನೆ. ಚಿಂತೆಯ ಗಟ್ಟಿ ಹಾಸಿಗೆಯ ಮೇಲೆ ಮಲಗಿದ್ದವನಿಗೆ ಎಚ್ಚರವಾಗುತ್ತದೆ. ಹೊರಗೆ ಹಕ್ಕಿಗಳು ಸೇರಿ, ಪ್ರೀತಿಯ ಸೊತ್ತನ್ನು ಗೆದ್ದ ಸೈನಿಕರು ಲೂಟಿ ಹಂಚಿಕೊಂಡಂತೆ ಹಂಚಿಕೊಳ್ಳುತ್ತಿವೆ. ಇವನು ದಿಂಬು ಒದ್ದೆಯಾಗುವಂತೆ ಅಳುತ್ತಾನೆ. ನಿಮಗೆಲ್ಲ ಮನಸ್ಸಿಗೊಪ್ಪಿದ ಜೋಡಿ ಇದೆ, ನನಗಿಲ್ಲ, ಸಾವು ನನಗೆ ದ್ರೋಹ ಮಾಡಿ ನನ್ನ ಜೋಡಿಯನ್ನು ತೆಗೆದುಕೊಂಡು ಹೋಯಿತು ಅನ್ನುತ್ತಾನೆ. ಇದನ್ನು ಓದಿದಾಗಲೆಲ್ಲ ನನಗೆ ಗಂಟಲು ಕಟ್ಟುತ್ತದೆ. ಹಿಂಸೆ ಹುಡುಕುವುದಾದರೆ ಮಕ್ಕಳು ಇಲ್ಲಿ ಹುಡುಕಲಿ. ಆ ಚರ್ಮದ ಪಟ್ಟಿಯಲ್ಲಿ ಏನೂ ಸಿಗುವುದಿಲ್ಲ.

ಫಾರ್ವರ್ಡಿನಲ್ಲಿ ಹೇಳುವ ಪದ್ಯ ಬೇರೆ. "ಪ್ರೀತಿಯಿಂದ ಆಗಲೇ ಬಳಲಿದ್ದೇನೆ, ನನ್ನ ಮುದ್ದಿನ ವ್ಯಾಲಂಟೈನ್" ಅಂತ ಶುರುವಾಗುತ್ತದೆ. ಅದು ಹೆಂಡತಿಗೆ ಬರೆದ ಪತ್ರ ಅಲ್ಲ. ನೀನು ತಡವಾಗಿ ಹುಟ್ಟಿದೆ, ನಾನು ಬೇಗ ಹುಟ್ಟಿದೆ ಅಂತ ಅದರಲ್ಲೇ ಇದೆ. ವರ್ಷದ ಮಟ್ಟಿಗೆ ನಿನ್ನನ್ನು ನನಗೆ ಜೋಡಿ ಮಾಡಿದವನನ್ನು ದೇವರು ಕ್ಷಮಿಸಲಿ ಅಂತಲೂ ಇದೆ. ವಯಸ್ಸಾದವನ ಮಾತು ಅದು. 1440ರಲ್ಲಿ ಬಿಡುಗಡೆಯಾಗಿ ಊರಿಗೆ ಮರಳಿದ ಮೇಲಿನದು.

ಹೊಸನಗರ_ಅಡಿಕೆತೋಟ

ಮೇಷ್ಟ್ರೇ, ಒಂದು ಸಂಶಯ. ನಮ್ಮಲ್ಲಿ ಫೆಬ್ರವರಿ ಅಂದರೆ ಸರಿ ಮಾರಾಯ್ರೆ. ಮಂಗಟ್ಟೆ ಹಕ್ಕಿ ಗೂಡು ಹಿಡಿಯುವ ಕಾಲ ಅದು. ತೋಟದ ಮೇಲಿನ ಸೊಪ್ಪಿನಬೆಟ್ಟದಲ್ಲಿ ಒಂದು ಹಳೇ ಮರದ ಪೊಟರೆ ಇದೆ. ಹೆಣ್ಣು ಒಳಗೆ ಕೂತು ಪೊಟರೆಯ ಬಾಯಿ ಮುಚ್ಚಿಕೊಂಡು, ಸಣ್ಣ ಬಿರುಕು ಮಾತ್ರ ಬಿಟ್ಟುಕೊಳ್ಳುತ್ತದೆ. ಗಂಡು ದಿನವಿಡೀ ಹಣ್ಣು ತಂದು ಆ ಬಿರುಕಿನಲ್ಲಿ ಕೊಡುತ್ತದೆ. ಆದರೆ ಇಂಗ್ಲೆಂಡಿನಲ್ಲಿ ಆಗ ಚಳಿ ಅಲ್ವಾ? ಆ ಚಳಿಯಲ್ಲಿ ಹಕ್ಕಿ ಜೋಡಿಯಾಗುತ್ತವಾ?

ಸಾಗರದ_ಮೇಷ್ಟ್ರು

ಇದನ್ನು ವಿದ್ವಾಂಸರೂ ಕೇಳಿದ್ದಾರೆ. ಜಿನೋವಾ ಊರಿನ ಇನ್ನೊಬ್ಬ ವ್ಯಾಲಂಟೈನ್ ಇದ್ದ, ಅವನ ಹಬ್ಬ ಮೇ ತಿಂಗಳ ಶುರುವಿನಲ್ಲಿ. ಚಾಸರ್ ಹೇಳಿದ್ದು ಆ ದಿನವನ್ನೇ ಅಂತ ಕೆಲವರ ವಾದ. ಇನ್ನೊಂದು ವಿಷಯ, ಆಗಿನದು ಹಳೇ ಪಂಚಾಂಗ. ಅವರ ಫೆಬ್ರವರಿ 14 ಅಂದರೆ ಈಗಿನ ಲೆಕ್ಕಕ್ಕೆ 22. ಆ ಹೊತ್ತಿಗೆ ಅಲ್ಲಿ ಕೆಲವು ಹಕ್ಕಿ ಹಾಡುವುದಕ್ಕೆ ಶುರು ಮಾಡಿರುತ್ತವೆ.

ಶಿಕಾರಿಪುರ_ರಸ್ತೆ

1349ರ ಫೆಬ್ರವರಿ 14ಕ್ಕೆ ಸ್ಟ್ರಾಸ್‌ಬರ್ಗ್‌ನಲ್ಲಿ ಯಹೂದಿಗಳನ್ನು ಸುಟ್ಟರಲ್ಲ, ಪ್ಲೇಗ್ ತಂದವರು ಇವರೇ ಅಂತ ಸುಳ್ಳು ಹೊರಿಸಿ? ಅದನ್ನೂ ಬೋರ್ಡಿಗೆ ಹಾಕಬಹುದಾ?

ಸಾಗರದ_ಮೇಷ್ಟ್ರು

ಅದು ನಡೆದದ್ದು ನಿಜ, ಘೋರ. ಆದರೆ ಪ್ರೇಮಿಗಳ ದಿನಕ್ಕೂ ಅದಕ್ಕೂ ಸಂಬಂಧ ಇಲ್ಲ, ದಿನ ಒಂದೇ ಆಗಿದೆ ಅಷ್ಟೇ. ಆ ಸತ್ತವರನ್ನು ಇನ್ನೊಂದು ಕತೆಯ ಬಾಲಕ್ಕೆ ಕಟ್ಟಬೇಡಿ. ಹಾಕುವುದಾದರೆ ಒಂದು ತಿಂಗಳು ಪೂರ್ತಿ ಅವರಿಗೇ ಇಡಿ.

ನೀವು ಶಿಕಾರಿಪುರದ ಕಡೆಯವರಾದ್ದರಿಂದ ಇನ್ನೊಂದು ಮಾತು. ಬಳ್ಳಿಗಾವಿಯ ವೀರಗಲ್ಲು ನೋಡಿರುತ್ತೀರಿ. ಕೆಳಗೆ ಕತ್ತಿ ಬಿಲ್ಲು, ಬಿದ್ದ ಆಳುಗಳು. ಅದರ ಮೇಲೆ ಸತ್ತ ವೀರನ ತೋಳು ಹಿಡಿದು ಮೇಲಕ್ಕೆ ಒಯ್ಯುವ ಅಪ್ಸರೆಯರು. ಕೊಲೆ ಮತ್ತು ಶೃಂಗಾರ ಒಂದೇ ಕಲ್ಲಿನಲ್ಲಿ. ಶಿವಮೊಗ್ಗದ ಶಿವಪ್ಪ ನಾಯಕ ಅರಮನೆಯ ಅಂಗಳದಲ್ಲೂ ವೀರಗಲ್ಲುಗಳಿವೆ. ಅದನ್ನು ನೋಡಿ ಬೆಳೆದ ಮಕ್ಕಳಿಗೆ ಚಾರ್ಲ್ಸ್‌ನ ಪದ್ಯ ಅರ್ಥವಾಗುವುದು ಕಷ್ಟವಲ್ಲ.

ದುರ್ಗಿಗುಡಿ_ಓದುಗಿ

ಸಾರ್, ತುಂಬಾ ಥ್ಯಾಂಕ್ಸ್. ಹುಡುಗಿಯರಿಗೆ ಓದಿ ಹೇಳಿದೆ. ಇಸಬೆಲ್ ಹೆಸರು ಕೇಳಿ ಎಲ್ಲರೂ ಸುಮ್ಮನಾದರು. ಆಮೇಲೆ ಒಬ್ಬಳು ಕೇಳಿದಳು, ಆ ಕಾಲದ ಹೆಣ್ಣು ಬರೆದದ್ದು ಯಾವುದೂ ಇಲ್ವಾ ಮಿಸ್ ಅಂತ. ಇದೆಯಾ ಸಾರ್?

ಸಾಗರದ_ಮೇಷ್ಟ್ರು

ಇದೆ. ಇಂಗ್ಲಿಷಿನಲ್ಲಿ ಉಳಿದಿರುವ ಅತ್ಯಂತ ಹಳೇ ವ್ಯಾಲಂಟೈನ್ ಪತ್ರವೇ ಹೆಣ್ಣಿನದು. 1477ರ ಫೆಬ್ರವರಿ, ನಾರ್‌ಫೋಕ್‌ನ ಮಾರ್ಜರಿ ಬ್ರೂಸ್ ತನ್ನ ಹುಡುಗ ಜಾನ್ ಪಾಸ್ಟನ್‌ಗೆ ಬರೆಸಿದ್ದು. ಅಪ್ಪ ವರದಕ್ಷಿಣೆ ಜಾಸ್ತಿ ಮಾಡಲು ಒಪ್ಪುತ್ತಿಲ್ಲ, ನಿನಗೆ ನನ್ನ ಮೇಲೆ ಪ್ರೀತಿ ಇದ್ದರೆ ಅದಕ್ಕಾಗಿ ನನ್ನನ್ನು ಬಿಡಬೇಡ ಅಂತ. ಕೊನೆಗೆ ಅವರ ಮದುವೆ ಆಯಿತು. ಪತ್ರ ಬ್ರಿಟಿಷ್ ಲೈಬ್ರರಿಯಲ್ಲಿದೆ. ಬೋರ್ಡಿನಲ್ಲಿ ಅದಕ್ಕೆ ಚಾರ್ಲ್ಸ್‌ಗಿಂತ ಮೇಲೆ ಜಾಗ ಕೊಡಿ. ಮತ್ತೆ ಸೂರ್ಯನ ಪದ್ಯದ ಕೆಳಗೆ ದಯವಿಟ್ಟು 1415 ಅಂತ ಹಾಕಬೇಡಿ. ಅದು ಸೆರೆ ಸಿಕ್ಕ ವರ್ಷ. ಸಾವು ಕೊಂಡೊಯ್ದ ಜೋಡಿ ಬೋನ್ ಅಂತ ಓದುವುದಾದರೆ ಪದ್ಯ 1430ರ ನಂತರದ್ದಾಗುತ್ತದೆ. "ಇಂಗ್ಲೆಂಡಿನ ಸೆರೆಯಲ್ಲಿ" ಅಂತ ಬರೆದರೆ ಸಾಕು.