ಹಳೆಯ ಕಂಪನಿಯಲ್ಲಿ ಉಳಿದ 286 ಪೌಂಡ್: ಡೈರೆಕ್ಟ್ ಡೆಬಿಟ್ ಈಗಲೇ ನಿಲ್ಲಿಸಬಹುದೇ?

ಪ್ರಶ್ನೆ (ಲೆಸ್ಟರ್‌ನಿಂದ): ಅಕ್ಕ, ನೀವು ಹಲವು ವರ್ಷ ವಿದ್ಯುತ್ ಕಂಪನಿಯೊಂದರ ಬಿಲ್ಲಿಂಗ್ ವಿಭಾಗದಲ್ಲಿದ್ದವರು ಎಂದು ಗುಂಪಿನಲ್ಲಿ ಓದಿ ಬರೆಯುತ್ತಿದ್ದೇನೆ. ನಾವು ಇಂಗ್ಲೆಂಡಿಗೆ ಬಂದು ಎರಡು ವರ್ಷವಾಯಿತು. ಇದೇ ಮೊದಲ ಸಲ ವಿದ್ಯುತ್, ಗ್ಯಾಸ್ ಎರಡಕ್ಕೂ ಕಂಪನಿ ಬದಲಿಸುತ್ತಿದ್ದೇವೆ. ಅಕ್ಟೋಬರ್ 2ರಿಂದ ಹೊಸಬರು. ಹಳೆಯ ಖಾತೆಯಲ್ಲಿ 286 ಪೌಂಡ್ ಜಮೆ ಇದೆ. ಆದರೂ ಒಂದನೇ ತಾರೀಖು ಬ್ಯಾಂಕ್ ಖಾತೆಯಿಂದ ಮತ್ತೆ 140 ಪೌಂಡ್ ತಾನಾಗಿಯೇ (ಡೈರೆಕ್ಟ್ ಡೆಬಿಟ್) ಹೋಗುತ್ತದೆ. ನಮ್ಮ ದುಡ್ಡೇ ಅವರ ಹತ್ತಿರ ಇರುವಾಗ ಇನ್ನೂ ಏಕೆ ಕಟ್ಟಬೇಕು, ಬ್ಯಾಂಕಿಗೆ ಹೇಳಿ ಡೈರೆಕ್ಟ್ ಡೆಬಿಟ್ ನಿಲ್ಲಿಸೋಣ ಎನ್ನುತ್ತಾರೆ ನಮ್ಮ ಯಜಮಾನರು. ನಿಲ್ಲಿಸಬಹುದೇ? ಜಮೆ ಹಣ ಹೊಸ ಕಂಪನಿಗೆ ವರ್ಗವಾಗುತ್ತದೆಯೇ?

ಉತ್ತರ: ದಯವಿಟ್ಟು ಈಗ ನಿಲ್ಲಿಸಬೇಡಿ. ಹಣ ಹೊಸ ಕಂಪನಿಗೆ ಹೋಗುವುದಿಲ್ಲ, ನಿಮಗೇ ಬರುತ್ತದೆ. ಸಾಮಾನ್ಯವಾಗಿ ಅದು ಬರುವ ದಾರಿಯೇ ಡೈರೆಕ್ಟ್ ಡೆಬಿಟ್ ಇರುವ ಬ್ಯಾಂಕ್ ಖಾತೆ. ಆ ಕೊಂಡಿಯನ್ನು ನೀವೇ ಕತ್ತರಿಸಿದರೆ ಹಣ ಎಲ್ಲಿಗೆ ಕಳಿಸಬೇಕೆಂದು ಅವರು ಕೇಳಬೇಕು, ನೀವು ಉತ್ತರಿಸಬೇಕು, ಇಲ್ಲವೇ ಚೆಕ್ ಅಂಚೆಯಲ್ಲಿ ಬರಬೇಕು. ವಾರಗಳು ಉರುಳುತ್ತವೆ. ಒಂದನೇ ತಾರೀಖಿನ 140 ಪೌಂಡ್ ಹೋದರೂ ಅದು ಜಮೆಗೆ ಸೇರಿ ಕೊನೆಯ ಬಿಲ್ಲಿನ ಲೆಕ್ಕದಲ್ಲಿ ಬರುತ್ತದೆ, ಒಂದು ಪೆನ್ನಿಯೂ ಕಳೆದುಹೋಗುವುದಿಲ್ಲ.

ಊರಿನಲ್ಲಿ ಮೀಟರ್ ನೋಡುವವರು ಬಂದು ಬಿಲ್ ಹರಿದು ಕೈಗಿತ್ತ ಮೇಲೆ ನಾವು ಕಟ್ಟುತ್ತಿದ್ದೆವು. ಇಲ್ಲಿ ವರ್ಷದ ಅಂದಾಜು ಬಳಕೆಯನ್ನು 12 ಸಮ ಕಂತು ಮಾಡುತ್ತಾರೆ. ಬೇಸಿಗೆಯಲ್ಲಿ ಹೀಟರ್ ಉರಿಯದ ಕಾರಣ ಹಣ ಕೂಡುತ್ತದೆ, ಚಳಿಗಾಲದಲ್ಲಿ ಕರಗುತ್ತದೆ. ನಿಮ್ಮ 286 ಪೌಂಡ್ ಆ ಬೇಸಿಗೆಯ ಉಳಿಕೆ. ಹೊಸ ಕಂಪನಿಯಲ್ಲಿ ನೀವು ಸೊನ್ನೆಯಿಂದ, ಅದೂ ಚಳಿ ಶುರುವಾಗುವಾಗ ಆರಂಭಿಸುತ್ತೀರಿ. ಜನವರಿಯ ಹೊತ್ತಿಗೆ ಅಲ್ಲಿ ಬಾಕಿ ಕಾಣಿಸಿದರೆ ಗಾಬರಿಯಾಗಬೇಡಿ. ಮರಳಿ ಬಂದ ಹಣವನ್ನು ಖರ್ಚು ಮಾಡದೆ ಅದಕ್ಕೇ ಎತ್ತಿಡಿ.

ಅದಕ್ಕಿಂತ ಮುಖ್ಯವಾದದ್ದು ಮೀಟರ್. ಅಕ್ಟೋಬರ್ 2ರಂದು ಎರಡೂ ಮೀಟರ್‌ಗಳ ಅಂಕಿಯನ್ನು ಮೊಬೈಲಿನಲ್ಲಿ ಫೋಟೋ ತೆಗೆಯಿರಿ. ಗ್ಯಾಸ್ ಮೀಟರ್ ಮೆಟ್ಟಿಲ ಕೆಳಗಿನ ಕಪಾಟಿನಲ್ಲಿದ್ದರೆ ಟಾರ್ಚ್ ಹಿಡಿದು, ಅಂಕಿಯ ಜೊತೆಗೆ ಮೀಟರಿನ ಕ್ರಮಸಂಖ್ಯೆಯೂ ಕಾಣುವಂತೆ ತೆಗೆಯಿರಿ. ಕಪ್ಪು ಅಂಕಿಗಳನ್ನು ಮಾತ್ರ ಕೊಡಿ, ದಶಮಾಂಶದ ಆಚೆಗಿನ ಕೆಂಪು ಅಂಕಿ ಬೇಡ. ನಾನು ಕೆಲಸದಲ್ಲಿದ್ದಾಗ ನೋಡಿದ ಜಗಳಗಳಲ್ಲಿ ಹೆಚ್ಚಿನವು ಹಣದ ಲೆಕ್ಕದವಲ್ಲ, ಈ ಅಂಕಿಯವು. ಒಬ್ಬರು ಕೆಂಪು ಅಂಕಿಯನ್ನೂ ಸೇರಿಸಿ ಬರೆದಿದ್ದರು, ಗ್ಯಾಸ್ ಬಿಲ್ ಹತ್ತು ಪಟ್ಟಾಗಿತ್ತು. ಅವರ ಬಳಿ ಫೋಟೋ ಇದ್ದುದರಿಂದ ಅದೇ ದಿನ ಸರಿಪಡಿಸಿದೆವು. ಅಂಕಿಯನ್ನು ಹೊಸ ಕಂಪನಿಗೆ ಕೊಡಿ, ಅವರು ಹಳೆಯವರಿಗೆ ದಾಟಿಸುತ್ತಾರೆ. ಅಂಕಿಯನ್ನು ತಾನೇ ಕಂಪನಿಗೆ ಕಳಿಸುವ ಸ್ಮಾರ್ಟ್ ಮೀಟರ್ ಇದ್ದರೂ ಫೋಟೋ ಬಿಡಬೇಡಿ.

ಹಳೆಯ ಕಂಪನಿ 6 ವಾರದೊಳಗೆ ಕೊನೆಯ ಬಿಲ್ ಕೊಡಬೇಕು, ಬಿಲ್ ಕೊಟ್ಟ 10 ಕೆಲಸದ ದಿನಗಳಲ್ಲಿ ಜಮೆ ಮರಳಿಸಬೇಕು. ಇದು ನಿಯಂತ್ರಕ ಸಂಸ್ಥೆ ಆಫ್‌ಜೆಮ್‌ನ ನಿಯಮ. ತಪ್ಪಿದರೆ ನೀವು ಕೇಳದಿದ್ದರೂ ಪರಿಹಾರ ಕೊಡಬೇಕು. 2025ರಿಂದ ಅದು 40 ಪೌಂಡ್. ಬಿಲ್ ಬಂದು, ಹಣ ಕೈಸೇರಿದ ಮೇಲೆ ಡೈರೆಕ್ಟ್ ಡೆಬಿಟ್ ರದ್ದು ಮಾಡಿ.

ಪ್ರಶ್ನೆ (ಲೀಡ್ಸ್‌ನಿಂದ): ಮೇಡಂ, ನನ್ನದು ತಿರುಗುಮುರುಗು. 90 ಪೌಂಡ್ ಬಾಕಿ ಇದೆ. ಬದಲಿಸಲು ಬಿಡುತ್ತಾರೆಯೇ? ಈಗಿನ ಒಪ್ಪಂದ ಮುಗಿಯಲು ಒಂದು ತಿಂಗಳಿದೆ.

ಉತ್ತರ: ಬಾಕಿಗೆ 28 ದಿನ ತುಂಬಿಲ್ಲವಾದರೆ ಬದಲಿಸಬಹುದು, ಅದು ಕೊನೆಯ ಬಿಲ್ಲಿಗೆ ಸೇರುತ್ತದೆ. ಅದಕ್ಕಿಂತ ಹಳೆಯದಾದರೆ ಕಂಪನಿ ತಡೆಯಬಹುದು, ಕಟ್ಟಿ ಹೊರಡಿ. ಆದರೆ ಬಾಕಿ ಅವರದೇ ತಪ್ಪಿನಿಂದ ಆಗಿದ್ದರೆ ಆ ನೆಪದಲ್ಲಿ ನಿಮ್ಮನ್ನು ತಡೆಯುವಂತಿಲ್ಲ, ಬರಹದಲ್ಲಿ ಆಕ್ಷೇಪಿಸಿ. ನಿಗದಿತ ದರದ ಒಪ್ಪಂದದ ಕೊನೆಯ 49 ದಿನಗಳಲ್ಲಿ ಬಿಟ್ಟುಹೋಗುವ ಶುಲ್ಕ ಹಾಕುವಂತಿಲ್ಲ, ಆದ್ದರಿಂದ ಆ ಚಿಂತೆಯೂ ಬೇಡ.

ಪ್ರಶ್ನೆ (ಲೆಸ್ಟರ್‌ನಿಂದ): ಧನ್ಯವಾದ ಅಕ್ಕ. ಯಜಮಾನರಿಗೆ ಓದಿ ಹೇಳಿದೆ, ಒಪ್ಪಿದರು. ಕೊನೆಯ ಒಂದು ಮಾತು. ಹಳೆಯ ಕಂಪನಿಯೇ ಮುಳುಗಿದರೆ? 2021ರಲ್ಲಿ ಹಾಗಾಯಿತಂತೆ.

ಉತ್ತರ: ಆಯಿತು, ಆ ಚಳಿಗಾಲದಲ್ಲಿ ಎರಡು ಡಜನ್‌ಗೂ ಹೆಚ್ಚು ಕಂಪನಿಗಳು ಬಾಗಿಲು ಹಾಕಿದವು. ಆಗ ಆಫ್‌ಜೆಮ್ ಗ್ರಾಹಕರನ್ನು ಬೇರೆ ಕಂಪನಿಗೆ ವಹಿಸಿತು, ಮನೆಗಳ ಜಮೆ ಹಣಕ್ಕೆ ರಕ್ಷಣೆಯೂ ಸಿಕ್ಕಿತು. ಜಮೆಯ ಮೊತ್ತ ಕಾಣುವ ಹಾಗೆ ಖಾತೆಯ ಪುಟದ ಸ್ಕ್ರೀನ್‌ಶಾಟ್ ಒಂದನ್ನು ಇಂದೇ ತೆಗೆದಿಡಿ, ಬದಲಾದ ಮೇಲೆ ಹಳೆಯ ಆ್ಯಪ್ ತೆರೆಯದೆಯೂ ಹೋಗಬಹುದು. ಹಣ ಬಾರದಿದ್ದರೆ ಮೊದಲು ಕಂಪನಿಗೆ ಲಿಖಿತ ದೂರು ಕೊಡಿ. 8 ವಾರದಲ್ಲಿ ಬಗೆಹರಿಯದಿದ್ದರೆ ಗ್ರಾಹಕರ ದೂರುಗಳನ್ನು ಇತ್ಯರ್ಥಪಡಿಸುವ ಸ್ವತಂತ್ರ ಸಂಸ್ಥೆ ಎನರ್ಜಿ ಓಂಬುಡ್ಸ್‌ಮನ್‌ಗೆ ಹೋಗಬಹುದು, ಅದಕ್ಕೆ ಶುಲ್ಕವಿಲ್ಲ. ನವೆಂಬರ್ ಕೊನೆಗೂ ಹಣ ಬಂದಿಲ್ಲವೆಂದರೆ ಇಲ್ಲಿಯೇ ಬರೆಯಿರಿ, ದೂರಿನ ಪತ್ರ ಬರೆಯಲು ನಾನು ಜೊತೆಗೆ ಕೂರುತ್ತೇನೆ.